ಬೋರು ಬತ್ತಿರಲಿಲ್ಲ, ವೈರ್ ಅದಲು ಬದಲಾಗಿತ್ತು

ಹೋದ ಬೇಸಿಗೆ ಒಂದು ಬೆಳಿಗ್ಗೆ ಮೋಟರ್ ಆನ್ ಮಾಡಿದ್ರೆ ಡ್ರಿಪ್‌ನ ಕೊನೇ ಸಾಲಿಗೆ ನೀರೇ ಹತ್ತಲಿಲ್ಲ. ಮೋಟರ್ ಓಡ್ತಿದೆ, ಪೈಪಿನಲ್ಲಿ ಅರ್ಧ ನೀರೂ ಇಲ್ಲ. ‘ಬೋರು ಬತ್ತಿತು ಕಣೋ’ ಅಂತ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ್ರು. ರಿಗ್ ಲಾರಿಯವರಿಗೆ ಫೋನೂ ಮಾಡಿದ್ದಾಯ್ತು. ಮಧ್ಯಾಹ್ನ ಬಂದ ಮೆಕ್ಯಾನಿಕ್ ಸ್ಟಾರ್ಟರ್ ಮುಚ್ಚಳ ತೆಗೆದು ಕೇಳಿದ್ದು ಒಂದೇ ಮಾತು: ‘ಇದನ್ನ ಯಾರು ಬಿಚ್ಚಿದ್ರು?’

ಬಿಚ್ಚಿದ್ದು ನಾನೇ. ಇಲಿ ಕಡಿದಿದ್ದ ಕೇಬಲ್ ತುಂಡನ್ನು ಕತ್ತರಿಸಿ ಹಿಂದಿನ ದಿನ ಮತ್ತೆ ಸೇರಿಸಿದ್ದೆ. ಹಳೇ ಕೇಬಲ್, ಕೆಂಪು, ಹಳದಿ, ನೀಲಿ ಮೂರೂ ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಎರಡು ಫೇಸ್ ಅದಲು ಬದಲಾದ್ರೆ ತ್ರೀ ಫೇಸ್ ಮೋಟರ್ ಉಲ್ಟಾ ತಿರುಗುತ್ತೆ. ಸಬ್‌ಮರ್ಸಿಬಲ್ ಇರೋದು ಬೋರಿನೊಳಗೆ, ತಿರುಗೋದು ಕಣ್ಣಿಗೆ ಕಾಣಲ್ಲ. ನೀರು ಕಮ್ಮಿ ಬರೋದೇ ಸುಳಿವು. ಅವರು ಎರಡು ವೈರ್ ಬದಲಿಸಿದ್ರು, ನೀರು ಬಂತು. ಕಾಲೇಜಲ್ಲಿ ಡ್ರಿಪ್ ಲೆಕ್ಕ ಕಲಿತಿದ್ದ ನನಗೆ ನಾಚಿಕೆಯಾಯ್ತು.

ಅವತ್ತಿಂದ ನನ್ನ ಮೋಟರ್ ಮನೆಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಡಬ್ಬಿ ಇದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗೋ ಪ್ಲಾಸ್ಟಿಕ್ ಕೊಳವೆ ಇದು. ಫ್ಯಾಕ್ಟರಿಯಲ್ಲಿ ಹಿಗ್ಗಿಸಿ ಇಟ್ಟಿರ್ತಾರೆ, ಬಿಸಿ ತಾಗಿದ್ರೆ ತನ್ನ ಹಳೇ ಗಾತ್ರಕ್ಕೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುತ್ತೆ. ಇನ್ಸುಲೇಶನ್ ಟೇಪಿನ ಗತಿ ನಿಮಗೆ ಗೊತ್ತು: ಎರಡು ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಕೊಳ್ಳುವಾಗ 2:1, 3:1 ಅಂತ ಕೇಳ್ತಾರೆ. 10 ಎಂಎಂ ಸ್ಲೀವ್ 2:1 ಆದ್ರೆ 5 ಎಂಎಂವರೆಗೆ ಕುಗ್ಗುತ್ತೆ. ಜಾಯಿಂಟ್ 7 ಎಂಎಂ ದಪ್ಪ, ಪಕ್ಕದ ವೈರ್ 4.5 ಎಂಎಂ ಇದ್ರೆ ಅದು ವೈರನ್ನು ಹಿಡಿಯಲ್ಲ. ಅಲ್ಲಿ 12 ಎಂಎಂನ 3:1 ಬೇಕು, ಅದು 4ಕ್ಕೆ ಇಳಿಯುತ್ತೆ.

ಇಲ್ಲೇ ಜನ ಮೋಸ ಹೋಗೋದು. ತೆಳು ಸ್ಲೀವ್ ಕರೆಂಟ್ ತಡೆಯುತ್ತೆ, ನೀರು ತಡೆಯಲ್ಲ. ಮಣ್ಣೊಳಗೆ ಹೋಗೋ ಡ್ರಿಪ್ ವಾಲ್ವಿನ ವೈರಿಗೆ ಒಳಗಡೆ ಗಮ್ ಇರೋ ಸ್ಲೀವ್ ಹಾಕಿ. ಬಿಸಿ ಮಾಡಿದಾಗ ಗಮ್ ಕರಗಿ ಎರಡೂ ತುದಿಯಲ್ಲಿ ಸ್ವಲ್ಪ ಹೊರಗೆ ಬರಬೇಕು, ಬಂದಿಲ್ಲ ಅಂದ್ರೆ ಸೀಲ್ ಆಗಿಲ್ಲ. ಬೋರಿನೊಳಗಿನ ಜಾಯಿಂಟಿಗೆ ಮಾತ್ರ ಸಬ್‌ಮರ್ಸಿಬಲ್ ಕೇಬಲ್ ಕಿಟ್ ತಂದು ಅನುಭವಸ್ಥರ ಕೈಲೇ ಮಾಡಿಸಿ.

ವೈರ್ ಸೇರಿಸೋಕೆ ಮೊದಲೇ ಸ್ಲೀವ್ ತೂರಿಸಿ, ಆಮೇಲೆ ನೆನಪಾದ್ರೆ ಜಾಯಿಂಟ್ ಬಿಚ್ಚಲೇಬೇಕು. (ನಾನು ಮೂರು ಸಲ ಬಿಚ್ಚಿದ್ದೀನಿ.) ಮೂರು ವೈರಿನ ಜಾಯಿಂಟ್ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಇಡಿ. ಹಳೇ ಇನ್ಸುಲೇಶನ್ ಮೇಲೆ ಎರಡೂ ಕಡೆ ಒಂದಿಂಚಾದ್ರೂ ಸ್ಲೀವ್ ಕೂರಲಿ. ಮಧ್ಯದಿಂದ ತುದಿ ಕಡೆಗೆ ಬಿಸಿ ಮಾಡಿದ್ರೆ ಒಳಗಿನ ಗಾಳಿ ಹೊರಗೆ ಹೋಗುತ್ತೆ. ಲೈಟರ್ ಹಿಡಿದ್ರೆ ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ಸಡಿಲ. ಹೀಟ್ ಗನ್ ವಾಸಿ, ಆದ್ರೆ 1500 ವ್ಯಾಟ್ ಮೇಲೆ ಎಳೆಯುತ್ತೆ, ಸಣ್ಣ ಇನ್ವರ್ಟರ್‌ಗೆ ಹಾಕಬೇಡಿ.

ಆಟೋ ಸ್ಟಾರ್ಟರ್ ಇದ್ರೆ ಆಫ್ ಬಟನ್ ನಂಬಬೇಡಿ. ಕರೆಂಟ್ ಯಾವ ಹೊತ್ತಿಗೂ ಬರುತ್ತೆ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು, ಟೆಸ್ಟರ್ ಹಿಡಿದು ನೋಡಿಯೇ ವೈರ್ ಮುಟ್ಟಿ.

ಹೆಸರು ಬರೆಯೋಕೆ ಒಂದಿಂಚಿನ ಹಳದಿ ಸ್ಲೀವ್ ಸಾಕು. ಕುಗ್ಗಿಸೋಕೆ ಮುಂಚೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಉದ್ದಕ್ಕೆ ಬರೆದು, ಮೇಲೊಂದು ಪಾರದರ್ಶಕ ಸ್ಲೀವ್ ಹಾಕಿದ್ರೆ ಅಕ್ಷರ ಅಳಿಸಲ್ಲ. ವೈರಿನ ಎರಡೂ ತುದಿಗೆ ಒಂದೇ ಹೆಸರು ಇರಲಿ. ‘ವಿ3’ ಅಂತ ಬರೀಬೇಡಿ, ‘ದಾಳಿಂಬೆ ಮೇಲಿನ ತಾಕು’ ಅಂತ ಬರೀರಿ. ನಾನು ಊರಲ್ಲಿಲ್ಲದಾಗ ಬಾಕ್ಸ್ ತೆಗೆಯೋದು ಅಪ್ಪ. ಕೆಲಸ ಮುಗಿದ ಮೇಲೆ ಒಳಗಿಂದೊಂದು ಫೋಟೋ ತೆಗೆದು ಮನೆಯವರ ವಾಟ್ಸಾಪಿಗೆ ಹಾಕಿಟ್ಟಿದ್ದೀನಿ.