ಪ್ರಾಯಕ್ಕೆ ಬರುವ ಮಕ್ಕಳಿಗೆ ಲೈಂಗಿಕ ಶಿಕ್ಷಣ

ಮಕ್ಕಳ ಊಟ, ಉಡುಪು, ಓದು, ಉದ್ಯೋಗ ಇವುಗಳ ವಿಷಯದಲ್ಲಿ ತಂದೆತಾಯಿಗಳು ವಹಿಸುವ ಮುತುವರ್ಜಿ ಅಸಾಧಾರಣವಾದುದು. ಯಾವ ತಿಂಗಳಲ್ಲಿ ಯಾವ ಲಸಿಕೆ ಹಾಕಿಸಬೇಕು, ಯಾವ ತರಗತಿಯಲ್ಲಿ ಯಾವ ವಿಷಯವನ್ನು ಆರಿಸಿಕೊಳ್ಳಬೇಕು ಎಂಬುದನ್ನೆಲ್ಲ ಅವರು ಮೊದಲೇ ಯೋಚಿಸಿರುತ್ತಾರೆ. ಆದರೆ ಅದೇ ಮಗುವಿನ ದೇಹದಲ್ಲಿ ಹತ್ತು ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಬದಲಾವಣೆಗಳು ತಲೆದೋರಿದಾಗ ಮನೆಯಲ್ಲಿ ಮೌನ ಆವರಿಸುತ್ತದೆ. ತಾಯಿ ಎರಡು ಮಾತಿನಲ್ಲಿ ವಿಷಯವನ್ನು ಮುಗಿಸುತ್ತಾಳೆ. ತಂದೆ ಕೇಳಿಸಲಿಲ್ಲವೆಂಬಂತೆ ವೃತ್ತಪತ್ರಿಕೆಯನ್ನು ತಿರುವುತ್ತಾನೆ. ಈ ಮೌನವನ್ನು ಮರ್ಯಾದೆಯೆಂದು ಭಾವಿಸುವುದು ರೂಢಿ. ಆದರೆ ಅದರ ಬೆಲೆಯನ್ನು ತೆರುವವರು ಮಕ್ಕಳು.

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿತ್ತು. ಅವರಲ್ಲಿ ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಗುರಿಯಾಗಿದ್ದುದಾಗಿ ತಿಳಿಸಿದರು. ಬಹುಪಾಲು ಮಕ್ಕಳು ಅದನ್ನು ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. ಹೇಳುವುದಕ್ಕೆ ಧೈರ್ಯವಿಲ್ಲದಿರುವುದು ಒಂದು ಕಾರಣವಾದರೆ, ಹೇಳುವುದಕ್ಕೆ ಮಾತೇ ತಿಳಿಯದಿರುವುದು ಇನ್ನೊಂದು ಕಾರಣ.

ಹೊರನಾಡಿನ ಮನೆಯ ಕಷ್ಟ

ವಡೋದರಾ ನಗರದ ಫತೇಗಂಜ್, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ನೆರೆಯಲ್ಲಿರುವ ಬಡಾವಣೆ. ದೂರದ ಊರುಗಳಿಂದ ಓದಲು ಬಂದ ತರುಣ ತರುಣಿಯರು ಅಲ್ಲಿಯ ಬಾಡಿಗೆಯ ಕೋಣೆಗಳಲ್ಲಿ ವಾಸಿಸುತ್ತಾರೆ. ಹದಿನೆಂಟನೆಯ ವಯಸ್ಸಿಗೆ ತಂದೆತಾಯಿಗಳ ಕಣ್ಣಳತೆಯಿಂದ ದೂರವಾಗಿ ನಿಲ್ಲುವ ಇಂಥ ಮಕ್ಕಳಿಗೆ ತಮ್ಮ ದೇಹದ ಬಗೆಗೆ, ಸ್ನೇಹದ ಎಲ್ಲೆಯ ಬಗೆಗೆ, ಅಪಾಯದ ಲಕ್ಷಣಗಳ ಬಗೆಗೆ ಎಷ್ಟು ತಿಳಿವಳಿಕೆ ಇರುತ್ತದೆ ಎಂಬುದು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಊರಿನ ಕೂಡುಕುಟುಂಬದಲ್ಲಿ ಈ ಕೆಲಸಕ್ಕೆ ಬೇರೆ ಜನರಿದ್ದರು. ಹುಡುಗಿ ಮೈನೆರೆದಾಗ ಅಜ್ಜಿ, ಸೋದರತ್ತೆ, ಅತ್ತಿಗೆಯರು ಸೇರಿ ಆರತಿ ಎತ್ತಿ, ಎಳ್ಳುಬೆಲ್ಲದ ಚಿಗಳಿಯನ್ನೂ ಕೊಬ್ಬರಿಯನ್ನೂ ತಿನ್ನಿಸಿ, ಹೇಳಬೇಕಾದುದನ್ನು ಹೇಳುತ್ತಿದ್ದರು. ಅವರ ಮಾತಿನಲ್ಲಿ ಹಿತವೂ ಇತ್ತು, ಮೈಲಿಗೆಯ ಅಂಜಿಕೆಯೂ ಇತ್ತು. ಆದರೂ ಹುಡುಗಿ ಒಬ್ಬಂಟಿಯಾಗಿರಲಿಲ್ಲ. ಹುಡುಗರಿಗಂತೂ ಅಷ್ಟು ಉಪಚಾರವೂ ದೊರೆಯಲಿಲ್ಲ.

ಹೊರನಾಡಿನ ಮೂರು ನಾಲ್ಕು ಜನರ ಸಂಸಾರದಲ್ಲಿ ಅಜ್ಜಿಯೂ ಇಲ್ಲ, ಅತ್ತಿಗೆಯೂ ಇಲ್ಲ. ಮಗು ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಗುಜರಾತಿ, ಮನೆಯಲ್ಲಿ ಕನ್ನಡ ಮಾತನಾಡುತ್ತದೆ. ಅಡಿಗೆಮನೆಯ ಕನ್ನಡವೆಲ್ಲ ಅದಕ್ಕೆ ಗೊತ್ತು. ಗುಪ್ತಾಂಗಗಳಿಗೆ ಮಾತ್ರ ಗೌರವದ ಕನ್ನಡ ಹೆಸರು ಗೊತ್ತಿಲ್ಲ. ಈ ತೆರವನ್ನು ತುಂಬಲು ಕೈಯಲ್ಲಿರುವ ಮೊಬೈಲ್ ಸಿದ್ಧವಾಗಿ ಕಾದಿರುತ್ತದೆ. ಅದು ತೋರಿಸುವ ಅಶ್ಲೀಲ ಚಿತ್ರಗಳಲ್ಲಿ ಪ್ರೀತಿಯಿಲ್ಲ, ಹೊಣೆಯಿಲ್ಲ, ಇನ್ನೊಬ್ಬರ ಇಷ್ಟಾನಿಷ್ಟಗಳ ಪರಿವೆಯಿಲ್ಲ.

ಎರಡು ಸಂಸ್ಥಾನಗಳ ಮೇಲ್ಪಂಕ್ತಿ

ಲೈಂಗಿಕ ಶಿಕ್ಷಣವು ಪಾಶ್ಚಾತ್ಯರ ಅನುಕರಣೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಕನ್ನಡಿಗರು ಬಿಟ್ಟುಬಂದ ನಾಡಿನ ಮತ್ತು ಬಂದು ನೆಲೆಸಿದ ನಾಡಿನ ಇತಿಹಾಸವನ್ನು ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಕಾನೂನಿನ ಮೂಲಕ ನಿಷೇಧಿಸಿತು. ಬರೋಡಾ ಸಂಸ್ಥಾನವು ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1904ರಲ್ಲಿ, ಬಾಲ್ಯವಿವಾಹ ಪ್ರತಿಬಂಧಕ ಕಾನೂನನ್ನು ತಂದಿತು. 1906ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಸಂಸ್ಥಾನದಾದ್ಯಂತ ಕಡ್ಡಾಯಗೊಳಿಸಿತು. ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಮರುವರ್ಷ, 1930ರಲ್ಲಿ, ಮೈಸೂರು ಸರ್ಕಾರವು ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ತಾನಾಗಿ ಇಂಥ ಕೇಂದ್ರಗಳನ್ನು ತೆರೆದುದಕ್ಕೆ ಇದು ಜಗತ್ತಿನಲ್ಲಿಯೇ ಮೊದಲ ನಿದರ್ಶನವೆಂದು ಹೆಸರಾಗಿದೆ.

ಮುಂಬಯಿಯಲ್ಲಿ ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೊ ಕರ್ವೆಯವರು 1921ರಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ಆರಂಭಿಸಿ, 1927ರಿಂದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. ಅಶ್ಲೀಲತೆಯ ಆಪಾದನೆಯ ಮೇಲೆ ಅವರನ್ನು ನ್ಯಾಯಾಲಯಕ್ಕೆ ಎಳೆದಾಗ, 1934ರಲ್ಲಿ, ಅವರ ಪರವಾಗಿ ವಾದಿಸಿದವರು ಡಾಕ್ಟರ್ ಅಂಬೇಡ್ಕರ್. ಅದೇ ಅಂಬೇಡ್ಕರರು ಅಮೆರಿಕಕ್ಕೆ ಓದಲು ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ.

ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರು 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಅವರ ಪತಿ ಬೆನಗಲ್ ರಾಮರಾವ್ ಅದೇ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರರಾದವರು. ಅದೇ 1949ರಲ್ಲಿಯೇ ವಡೋದರಾದ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಶ್ರೀಮತಿ ಹಂಸಾ ಮೆಹತಾ ಅದರ ಮೊದಲ ಕುಲಪತಿಯಾದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಪುರುಷರನ್ನಷ್ಟೇ ಹೆಸರಿಸುವಂತಿದ್ದ ಮಾತನ್ನು, ಮಾನವರೆಲ್ಲರನ್ನೂ ಒಳಗೊಳ್ಳುವಂತೆ ತಿದ್ದಿಸಿದವರು ಅವರು. 1948ರ ಆ ಘೋಷಣೆಯ 16ನೆಯ ವಿಧಿ, ವಧೂವರರಿಬ್ಬರ ಮುಕ್ತವಾದ, ಪೂರ್ಣವಾದ ಸಮ್ಮತಿಯಿಲ್ಲದೆ ಮದುವೆಯಿಲ್ಲವೆಂದು ಸಾರುತ್ತದೆ. ಲೈಂಗಿಕ ಹಕ್ಕುಗಳೆಂಬ ಮಾತಿನ ಬೇರು ಇಲ್ಲಿದೆ.

ಶಾಲೆಗಳಲ್ಲಿ ನಡೆದುದು

ಇಂಥ ಪೂರ್ವಿಕರಿದ್ದರೂ ಶಾಲೆಗಳಲ್ಲಿ ಈ ಶಿಕ್ಷಣ ಸುಲಭವಾಗಿ ನೆಲೆಯೂರಲಿಲ್ಲ. ಕೇಂದ್ರ ಸರ್ಕಾರವು ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ 2005ರಲ್ಲಿ ಆರಂಭಿಸಿದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು, 2007ರ ಸುಮಾರಿಗೆ ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ಹಲವು ರಾಜ್ಯಗಳು ತಡೆಹಿಡಿದುವು. ಆ ಪಟ್ಟಿಯಲ್ಲಿ ಗುಜರಾತ್ ಮತ್ತು ಕರ್ನಾಟಕ ಎರಡೂ ಇದ್ದುವು. ಪಾಠದ ಚಿತ್ರಗಳು ಸಂಸ್ಕೃತಿಗೆ ಹೊಂದುವುದಿಲ್ಲವೆಂಬುದು, ಕಲಿಸಿದರೆ ಮಕ್ಕಳು ದಾರಿ ತಪ್ಪುವರೆಂಬುದು ಮುಖ್ಯ ಆಕ್ಷೇಪಗಳಾಗಿದ್ದುವು.

ಚಿತ್ರಗಳನ್ನೂ ಭಾಷೆಯನ್ನೂ ತಿದ್ದಬಹುದು. ಎರಡನೆಯ ಆಕ್ಷೇಪಕ್ಕೆ ಮಾತ್ರ ಆಧಾರವಿಲ್ಲ. ಯುನೆಸ್ಕೋ ಸಂಸ್ಥೆ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ಅನೇಕ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಇಂಥ ಶಿಕ್ಷಣದಿಂದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದು ತಿಳಿಸಿತು. ಏಷ್ಯದ ಇತರ ದೇಶಗಳೂ ಈ ದಾರಿಯಲ್ಲಿ ನಡೆದಿವೆ. ಫಿಲಿಪೈನ್ಸ್ 2012ರಲ್ಲಿ, ಥಾಯ್ಲೆಂಡ್ 2016ರಲ್ಲಿ ಶಾಲೆಗಳಲ್ಲಿ ಈ ಶಿಕ್ಷಣಕ್ಕೆ ಕಾನೂನಿನ ಬೆಂಬಲವನ್ನಿತ್ತುವು. ಭಾರತದಲ್ಲಿ 2014ರಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನ ತೀರ್ಪೊಂದರಲ್ಲಿ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಒತ್ತಿಹೇಳಿತು. ಆದರೂ ಶಾಲೆ ಕಲಿಸುವುದೆಂದು ಮನೆಯವರು, ಮನೆಯವರು ಹೇಳುವರೆಂದು ಶಾಲೆಯವರು ಕಾಯುತ್ತ ಕುಳಿತರೆ ಮಗುವಿನ ವಯಸ್ಸು ಕಾಯುವುದಿಲ್ಲ.

ಯಾವ ವಯಸ್ಸಿಗೆ ಏನನ್ನು ಹೇಳಬೇಕು

ಲೈಂಗಿಕ ಶಿಕ್ಷಣವೆಂದರೆ ಸಂಭೋಗದ ಪಾಠವಲ್ಲ. ದೇಹದ ರಚನೆ, ಬೆಳವಣಿಗೆ, ಸಂಬಂಧಗಳು, ಪರಸ್ಪರ ಗೌರವ, ಸುರಕ್ಷತೆ ಇವೆಲ್ಲವನ್ನೂ ವಯಸ್ಸಿಗೆ ತಕ್ಕಷ್ಟು ತಿಳಿಸುವುದೇ ಅದರ ಉದ್ದೇಶ.

ಐದರಿಂದ ಎಂಟು ವರ್ಷದ ಮಗುವಿಗೆ ಅಂಗಾಂಗಗಳ ಸರಿಯಾದ ಹೆಸರುಗಳನ್ನು ಕಲಿಸಬೇಕು. ಮೈಮೇಲಿನ ಕೆಲವು ಭಾಗಗಳನ್ನು ಬೇರೆಯವರು ಮುಟ್ಟಕೂಡದು. ಮುಟ್ಟಿದವರು ಹತ್ತಿರದ ನೆಂಟರಾದರೂ ಅಮ್ಮನಿಗೋ ಅಪ್ಪನಿಗೋ ಹೇಳಬೇಕು. ಹೇಳಿದರೆ ಬೈಗುಳ ಬೀಳದು ಎಂಬ ಭರವಸೆಯನ್ನು ಕೊಡಬೇಕು.

ಒಂಬತ್ತರಿಂದ ಹನ್ನೆರಡರವರೆಗಿನ ವಯಸ್ಸು ಬಹು ಮುಖ್ಯವಾದುದು. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಪ್ರಾಯದ ಚಿಹ್ನೆಗಳು ತೋರುತ್ತವೆ. ಮುಟ್ಟು ಎಂಬುದು ಗರ್ಭಕೋಶದ ಒಳಪದರವು ಕಳಚಿ ರಕ್ತದೊಡನೆ ಹೊರಬರುವ ಸಹಜ ಕ್ರಿಯೆ. ಅದು ಮಲಿನ ರಕ್ತವಲ್ಲ. ಮೊದಲ ಒಂದೆರಡು ವರ್ಷ ಅದು ಕ್ರಮತಪ್ಪಿ ಬರುವುದುಂಟು. ಹುಡುಗಿ ರಕ್ತವನ್ನು ಕಂಡು ಗಾಬರಿಯಾದ ಮೇಲೆ ಹೇಳುವುದಕ್ಕಿಂತ ಮೊದಲೇ ತಿಳಿಸಿರುವುದು ಲೇಸು. ಹುಡುಗರಿಗೂ ಇದನ್ನು ತಿಳಿಸಬೇಕು. ಅಕ್ಕತಂಗಿಯರನ್ನು ಹಾಸ್ಯಮಾಡದೆ ನೆರವಾಗುವ ಗುಣ ಅಲ್ಲಿಂದ ಬೆಳೆಯುತ್ತದೆ.

ಹುಡುಗರಿಗೆ ಸ್ವಪ್ನಸ್ಖಲನದ ವಿಷಯವನ್ನು ತಂದೆಯಾದವನು ಹೇಳತಕ್ಕದ್ದು. ವೀರ್ಯನಾಶದಿಂದ ದೇಹ ಕೃಶವಾಗುವುದೆಂಬ ಭಯ ಈ ದೇಶದಲ್ಲಿ ಎಷ್ಟು ವ್ಯಾಪಕವೆಂದರೆ, ಮನೋವೈದ್ಯ ಡಾಕ್ಟರ್ ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟರು. ವೀರ್ಯವು ದೇಹದಲ್ಲಿ ಸತತವಾಗಿ ಉತ್ಪತ್ತಿಯಾಗುವ ದ್ರವ. ಅದು ಹೊರಬಿದ್ದುದರಿಂದ ನಿಶ್ಶಕ್ತಿ ಬರುವುದಿಲ್ಲ. ಈ ಒಂದು ಮಾತು ತಿಳಿಯದೆ ಗೋಡೆಬರಹದ ಗುಪ್ತರೋಗ ತಜ್ಞರಿಗೆ ಹಣವನ್ನೂ ನೆಮ್ಮದಿಯನ್ನೂ ತೆತ್ತ ಯುವಕರು ಅಸಂಖ್ಯರು.

ಹದಿಮೂರರಿಂದ ಮೇಲಕ್ಕೆ ಆಕರ್ಷಣೆ, ಗರ್ಭಧಾರಣೆ, ಅದನ್ನು ತಡೆಯುವ ವಿಧಾನಗಳು, ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು, ಮೊಬೈಲಿನಲ್ಲಿ ಚಿತ್ರಗಳನ್ನು ಕಳುಹಿಸುವುದರ ಅಪಾಯ ಇವನ್ನು ವಿವರಿಸಬೇಕು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯ ವರ್ಣತಂತುವಿನಿಂದ ನಿಶ್ಚಯವಾಗುತ್ತದೆಂದು ತಿಳಿದ ಹುಡುಗ ಮುಂದೆ ಹೆಣ್ಣು ಹೆತ್ತುದಕ್ಕಾಗಿ ಹೆಂಡತಿಯನ್ನು ದೂರಲಾರ. ತನ್ನ ಒಲವು ಇತರರಂತಿಲ್ಲವೆಂದು ಮಗು ಹೇಳಿಕೊಂಡರೆ ಹೊಡೆಯದೆ ಬಡಿಯದೆ ಕೇಳಬೇಕು. ವಯಸ್ಕರ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಅದು ರೋಗವೂ ಅಲ್ಲ.

ಸಮ್ಮತಿಯ ಅರ್ಥ

ಲೈಂಗಿಕ ಹಕ್ಕುಗಳೆಂದರೆ ಸ್ವೇಚ್ಛೆಯೆಂದು ಕೆಲವರು ತಿಳಿದಿದ್ದಾರೆ. ವಾಸ್ತವವಾಗಿ ಅವುಗಳ ತಿರುಳು ಸಮ್ಮತಿ ಎಂಬ ಒಂದು ಮಾತಿನಲ್ಲಿದೆ. ಅದನ್ನು ತಿಳಿಯಲು 1872ರ ಭಾರತೀಯ ಕರಾರು ಕಾಯಿದೆಯನ್ನು ನೆನೆದರೆ ಸಾಕು. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ ಇವುಗಳಿಂದ ಪಡೆದ ಒಪ್ಪಿಗೆ ಮುಕ್ತ ಸಮ್ಮತಿಯಲ್ಲ. ಅಪ್ರಾಪ್ತ ವಯಸ್ಕನು ಮಾಡಿದ ಕರಾರಿಗೆ ಬೆಲೆಯಿಲ್ಲ. ಸಾವಿರ ರೂಪಾಯಿಯ ಸಾಲಕ್ಕೆ ಇಷ್ಟು ಎಚ್ಚರ ಬೇಕಾದರೆ, ಮನುಷ್ಯನ ದೇಹಕ್ಕೆ ಅದಕ್ಕಿಂತ ಕಡಿಮೆ ಸಾಕೇ?

2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಯನ್ನು ಸಮ್ಮತಿಯೆಂದು ಪರಿಗಣಿಸಲಾಗುವುದಿಲ್ಲ. ಇಂಥ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿ ಎಲ್ಲ ಮಕ್ಕಳಿಗೂ ಬಾಯಿಪಾಠವಾಗಿರಬೇಕು. ಇನ್ನು ದಾಂಪತ್ಯದಲ್ಲಿಯೂ, ಒಮ್ಮೆ ತಾಳಿ ಕಟ್ಟಿದೊಡನೆ ಜೀವಮಾನಕ್ಕೆಲ್ಲ ಸಾಲುವ ಸಹಿಮಾಡಿದ ಖಾಲಿ ಚೆಕ್ಕು ದೊರೆತಂತಾಗುವುದಿಲ್ಲ.

ಈ ಅರಿವು ಎಷ್ಟು ಅಗತ್ಯವೆಂಬುದನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸುತ್ತದೆ. 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ಹದಿನೆಂಟಕ್ಕೆ ಮುಂಚೆಯೇ ಮದುವೆಯಾದವರು ಗುಜರಾತಿನಲ್ಲಿ ಶೇಕಡಾ 21.8, ಕರ್ನಾಟಕದಲ್ಲಿ 21.3. ಬಾಲ್ಯವಿವಾಹದ ವಿರುದ್ಧ ಮೊದಲು ಕಾನೂನು ಮಾಡಿದ ಸಂಸ್ಥಾನಗಳಿದ್ದ ಎರಡು ನಾಡುಗಳಲ್ಲಿಯೂ ಐವರಲ್ಲಿ ಒಬ್ಬಳಿಗೆ ತನ್ನ ಮದುವೆಯ ವಿಷಯದಲ್ಲಿ ಅರಿತು ಒಪ್ಪುವ ವಯಸ್ಸೇ ಆಗಿರಲಿಲ್ಲವೆಂದಾಯಿತು.

ಹಿರಿಯರ ಆರೋಗ್ಯ

ಲೈಂಗಿಕ ಸ್ವಾಸ್ಥ್ಯವು ಕಿರಿಯರ ವಿಷಯ ಮಾತ್ರವಲ್ಲ. ಮಧುಮೇಹ, ರಕ್ತದೊತ್ತಡಗಳಿಂದ ಸಣ್ಣ ರಕ್ತನಾಳಗಳು ಕೆಟ್ಟು ಪುರುಷರಲ್ಲಿ ನಿಮಿರು ದೌರ್ಬಲ್ಯ ಬರಬಹುದು. ಅದು ಮುಂದೆ ಬರಲಿರುವ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಮುಟ್ಟು ನಿಂತ ಸ್ತ್ರೀಯರಲ್ಲಿ ಹಾರ್ಮೋನು ಕುಗ್ಗಿ ಯೋನಿ ಒಣಗುವುದರಿಂದ ಸಮಾಗಮ ನೋವಾಗುವುದುಂಟು. ಎರಡಕ್ಕೂ ಚಿಕಿತ್ಸೆಯಿದೆ. ನಾಚಿಕೆಯಿಂದ ಮುಚ್ಚಿಟ್ಟು ಒಬ್ಬರನ್ನೊಬ್ಬರು ತಪ್ಪು ತಿಳಿಯುವುದಕ್ಕಿಂತ ಅರ್ಹ ವೈದ್ಯರನ್ನು ಕಾಣುವುದು ಮೇಲು. ದಂಪತಿಗಳ ನಡುವೆ ಮಾತು ಉಳಿದಿರುವ ಮನೆಯಲ್ಲಿ ಮಕ್ಕಳೊಡನೆಯೂ ಮಾತು ಸುಲಭವಾಗುತ್ತದೆ.

ಸಂಘಗಳ ಕರ್ತವ್ಯ

ಕನ್ನಡದಲ್ಲಿ ಈ ವಿಷಯವನ್ನು ಗೌರವದಿಂದ ಹೇಳಲು ಬರುವುದಿಲ್ಲವೆಂಬುದು ಸರಿಯಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾಕ್ಟರ್ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಮೊದಲಾದ ಪುಸ್ತಕಗಳ ಮೂಲಕ ಆ ದಾರಿಯನ್ನು ಎಂದೋ ತೋರಿಸಿಕೊಟ್ಟಿದ್ದಾರೆ. ರಾಜ್ಯೋತ್ಸವಕ್ಕೆ ಹಾಡು ಕುಣಿತಗಳನ್ನು ಕಲಿಸುವ ಹೊರನಾಡ ಸಂಘಗಳು ವರ್ಷಕ್ಕೊಂದು ದಿನ ಕನ್ನಡ ಬಲ್ಲ ವೈದ್ಯರನ್ನು ಕರೆಸಿ, ತಾಯಂದಿರಿಗೆ, ತಂದೆಯರಿಗೆ, ಹದಿಹರೆಯದ ಹುಡುಗ ಹುಡುಗಿಯರಿಗೆ ಬೇರೆ ಬೇರೆಯಾಗಿ ಉಪನ್ಯಾಸವನ್ನು ಏರ್ಪಡಿಸಬಹುದು. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಏರ್ಪಾಡು ಮಾಡಿದರೆ ಸಂಕೋಚಕ್ಕೆ ಎಡೆಯಿರದು. ಊರಿನ ಅಜ್ಜಿ ಮಾಡುತ್ತಿದ್ದ ಕೆಲಸದಲ್ಲಿ ಹಿತವಾದುದನ್ನು ಉಳಿಸಿಕೊಂಡು, ಅಂಜಿಕೆಯನ್ನು ಬಿಟ್ಟು, ವಿಜ್ಞಾನವನ್ನು ಸೇರಿಸಿ ಮುಂದುವರಿಸುವುದು ಹೀಗೆ ಸಾಧ್ಯ.

ಮಗು ಕೇಳಿದ ಮೊದಲ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ ಮನೆಗೆ ಅದರ ಎರಡನೆಯ ಪ್ರಶ್ನೆಯೂ ಬರುತ್ತದೆ. ಗದರಿಸಿದ ಮನೆಗೆ ಮತ್ತೆ ಬರುವುದಿಲ್ಲ. ಅದು ಬೇರೆಲ್ಲಿಗೋ ಹೋಗುತ್ತದೆ.