ಕ್ಷೌರದ ನಂತರ ಮುಖಕ್ಕೆ ಲಿಂಬೆ ಬೇಡ

ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಇಂಡಿ ಲಿಂಬೆ ನಮ್ಮೆಲ್ಲರ ಹೆಮ್ಮೆ. ಆದರೆ ಕ್ಷೌರವಾದ ಕೆನ್ನೆಗೂ, ದಾರದಿಂದ ಕೂದಲು ಕೀಳಿಸಿದ ಮೇಲ್ದುಟಿಗೂ ಅದರ ಹೋಳನ್ನು ಉಜ್ಜುವುದನ್ನು ನಾವು ಒಪ್ಪಲಾರೆವು. ಕೂದಲಿನೊಡನೆ ಚರ್ಮದ ಮೇಲ್ಪದರವೂ ತುಸು ಸವೆದಿರುತ್ತದೆ. ಹುಳಿ ತಾಗಿದರೆ ಉರಿ. ಅದಕ್ಕಿಂತ ಮಿಗಿಲಾದ ಕೇಡು ಬಿಸಿಲಿನಲ್ಲಿದೆ. ಲಿಂಬೆಯಲ್ಲಿ, ವಿಶೇಷವಾಗಿ ಸಿಪ್ಪೆಯಲ್ಲಿ, ಇರುವ ಫ್ಯೂರೊಕೌಮರಿನ್ ಎಂಬ ದ್ರವ್ಯಕ್ಕೆ ಸೂರ್ಯನ ಅತಿನೇರಳೆ ಕಿರಣ ಕೂಡಿದರೆ ಚರ್ಮ ಸುಡುತ್ತದೆ. ಒಂದೆರಡು ದಿನಗಳಲ್ಲಿ ಕೆಂಪು, ಗುಳ್ಳೆ. ಬಳಿಕ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ. ಹೊಲ-ತೋಟಕ್ಕೆ ಹೊರಡುವವರು ಇದನ್ನು ಮನಗಾಣಬೇಕು.

ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು 10 ನಿಮಿಷ ಒತ್ತಿ ಹಿಡಿದು, ಸುವಾಸನೆಯಿಲ್ಲದ ಮುಲಾಮನ್ನು ತೆಳುವಾಗಿ ಸವರಿದರೆ ಸಾಕು. ಸೆರಗೋ ರುಮಾಲೋ ಮುಖಕ್ಕೆ ನೆರಳಾಗಿರಲಿ. ಪಟಿಕ ಸಣ್ಣ ಗಾಯದ ರಕ್ತವನ್ನು ನಿಲ್ಲಿಸುವುದು ನಿಜ. ಹತ್ತಾರು ಮುಖಗಳಿಗೆ ತಾಗಿದ ಒಂದೇ ಹರಳು ಮಾತ್ರ ಬೇಡ. ಕೀವುಗುಳ್ಳೆ ಎದ್ದರೆ ವೈದ್ಯರನ್ನು ಕಾಣಬೇಕು.