ಜೇಬಿನ ಪಿಸ್ತೂಲು: ನಿಮಗಿದು ಗೊತ್ತೇ?

ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಬೇಕಿಲ್ಲ. ವರ್ಮಾಂಟ್ ರಾಜ್ಯವಂತೂ ಅದನ್ನು ಎಂದೂ ಕೇಳಿದ್ದೇ ಇಲ್ಲ. ಹಾಗೆ ಓಡಾಡುವುದನ್ನೇ ಕೊನೆಯವರೆಗೂ ಒಪ್ಪದೆ ಉಳಿದಿದ್ದ ಇಲಿನಾಯ್, ಕೋರ್ಟಿನ ತೀರ್ಪಿಗೆ ಮಣಿದು 2013ರಲ್ಲಿ ಅದಕ್ಕೆ ಪರವಾನಗಿ ಕೊಡುವ ಕಾನೂನು ಮಾಡಿತು.

ಅಬ್ರಹಾಂ ಲಿಂಕನ್ ಪ್ರಾಣ ತೆಗೆದದ್ದು ಅಂಗೈಯಲ್ಲಿ ಅಡಗುವಂಥ ಡೆರಿಂಜರ್ ಪಿಸ್ತೂಲು. ಉದ್ದ ಆರು ಇಂಚಿಗೂ ಕಡಿಮೆ, ಅದರಲ್ಲಿದ್ದದ್ದು ಒಂದೇ ಗುಂಡು. 1865ರ ಆ ಪಿಸ್ತೂಲು ಈಗಲೂ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನ ವಸ್ತುಸಂಗ್ರಹಾಲಯದಲ್ಲಿದೆ.

1948ರ ಜನವರಿ 30ರಂದು ಗಾಂಧೀಜಿಯ ಪ್ರಾಣ ತೆಗೆದದ್ದೂ ಚಿಕ್ಕ ಪಿಸ್ತೂಲೇ: ಇಟಲಿಯ ಬೆರೆಟ್ಟಾ, 1934ರ ಮಾದರಿ.

ಜೇಬಿನಿಂದ ಹೊರತೆಗೆಯುವಾಗ ಹಿಂಬದಿಯ ಸುತ್ತಿಗೆ ಬಟ್ಟೆಗೆ ಸಿಕ್ಕಿಕೊಳ್ಳುವುದು ಹಳೆಯ ತೊಂದರೆ. 1903ರ ಕೋಲ್ಟ್ ಪಾಕೆಟ್ ಪಿಸ್ತೂಲಿಗೆ ‘ಹ್ಯಾಮರ್‌ಲೆಸ್’ ಎಂಬ ಹೆಸರು ಬಂದದ್ದು ಹಾಗೆ. ಅಸಲಿಗೆ ಅದಕ್ಕೂ ಸುತ್ತಿಗೆ ಉಂಟು. ವಿನ್ಯಾಸಕ ಜಾನ್ ಬ್ರೌನಿಂಗ್ ಅದನ್ನು ಒಳಗೆ ಅಡಗಿಸಿಟ್ಟ, ಅಷ್ಟೇ.

ರಿವಾಲ್ವರ್ ಎಂದರೆ ಆರು ಗುಂಡು ಎಂದುಕೊಂಡಿದ್ದೀರಾ? ಸ್ಮಿತ್ ಅಂಡ್ ವೆಸನ್ 1950ರಲ್ಲಿ ತಂದ ‘ಚೀಫ್ಸ್ ಸ್ಪೆಷಲ್’ನಲ್ಲಿ ಐದೇ. ಒಂದು ಗುಂಡು ಬಿಟ್ಟುಕೊಟ್ಟರೆ ತಿರುಗುವ ಸಿಲಿಂಡರಿನ ದಪ್ಪ ಇಳಿಯುತ್ತದೆ, ಸೊಂಟದ ಬಳಿ ಉಬ್ಬು ಕಾಣುವುದಿಲ್ಲ. ಆ ಹೆಸರನ್ನು ಆರಿಸಿದ್ದು ಕೊಲರಾಡೋದಲ್ಲಿ ಸಮ್ಮೇಳನಕ್ಕೆ ಸೇರಿದ್ದ ಪೊಲೀಸ್ ಮುಖ್ಯಸ್ಥರು.

ಕೊಳ್ಳಲು ಹೋದವರು ಸಾಮಾನ್ಯವಾಗಿ ಎಲ್ಲಕ್ಕಿಂತ ಚಿಕ್ಕದನ್ನೇ ಕೇಳುತ್ತಾರೆ. ಎಡವುವುದೂ ಇಲ್ಲೇ. ಗುಂಡು ಅದೇ ಆಗಿದ್ದು ಪಿಸ್ತೂಲು ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿಯ ಖಾಲಿ ತೂಕ ಸುಮಾರು 266 ಗ್ರಾಂ, ಒಂದು ದೊಡ್ಡ ಮೊಬೈಲಿಗಿಂತ ತುಸು ಭಾರ. ಜೇಬಿನಲ್ಲಿ ಇರುವುದೇ ತಿಳಿಯದು. ಹಿಡಿದು ನೋಡಿ: ಹಿಡಿಕೆಗೆ ಎರಡು ಬೆರಳು ಹಿಡಿಸಿ ಕಿರುಬೆರಳು ಕೆಳಗೆ ಜೋತಾಡುತ್ತದೆ. ಮುಂದಿನ ಮತ್ತು ಹಿಂದಿನ ಗುರಿಗೂಟಗಳು ಹತ್ತಿರ ಹತ್ತಿರ ಇರುವುದರಿಂದ ಇಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅಲ್ಲಿ ಗೇಣುದ್ದ ತಪ್ಪೀತು. ಚಿಕ್ಕ ಪಿಸ್ತೂಲು ಹೊಸಬರಿಗೆ ಸುಲಭ ಎಂಬ ಮಾತು ಪೂರ್ತಿ ತಲೆಕೆಳಗು; ಅದು ನುರಿತ ಕೈಯನ್ನೇ ಕೇಳುತ್ತದೆ.

2018ರಲ್ಲಿ ಸಿಗ್ ಸಾವರ್ ಪಿ365 ಬಂದ ಮೇಲೆ ಲೆಕ್ಕ ಬದಲಾಯಿತು. ಮ್ಯಾಗಜೀನಿನಲ್ಲಿ ಗುಂಡುಗಳನ್ನು ತುಸು ಓರೆಯಾಗಿ ಜೋಡಿಸಿ, ಅಂಗೈಯಗಲದ ಪಿಸ್ತೂಲಿನಲ್ಲಿ 10 ಗುಂಡು ಹಿಡಿಸಿದರು. ಮೂರು ವರ್ಷ ಹಿಂದಷ್ಟೇ ಬಂದಿದ್ದ, ಹೆಚ್ಚುಕಡಿಮೆ ಅದೇ ತೂಕದ ಗ್ಲಾಕ್ 43ರಲ್ಲಿ ಹಿಡಿಸುತ್ತಿದ್ದದ್ದು ಆರು.

ಯಾವ ಪಿಸ್ತೂಲು ಎಂಬುದಕ್ಕಿಂತ ಯಾವ ಒರೆ ಎಂಬುದೇ ನನಗೆ ದೊಡ್ಡ ಪ್ರಶ್ನೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಒರೆ ಬೇಕು. ಪಿಸ್ತೂಲು ಇಟ್ಟ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಏನೂ ಇರಕೂಡದು. ಕೈಚೀಲವಂತೂ ಬೇಡವೇ ಬೇಡ. 2014ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲಕ್ಕೆ ಕೈಹಾಕಿತು. ಪಿಸ್ತೂಲಿಗೆಂದೇ ಹೊಲಿದ, ಜಿಪ್ ಇದ್ದ ಜೇಬು ಅದು. ಗುಂಡು ಹಾರಿತು, ತಾಯಿ ಅಲ್ಲೇ ತೀರಿಕೊಂಡಳು.

ನಮ್ಮಲ್ಲಿ? 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ರಿವಾಲ್ವರ್ ತಂದಿತು. ತೂಕ ಅರ್ಧ ಕಿಲೋ, ಬೆಲೆ ಲಕ್ಷಕ್ಕೂ ಮೇಲೆ. ಲೈಸೆನ್ಸ್ ಇದ್ದರೂ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದೆಂದು 2019ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದ್ದು, ಅದು 2029ರವರೆಗೆ ಮುಂದುವರಿದಿದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಮಕ್ಕಳನ್ನು ಬೇರೆಯವರ ಮನೆಗೆ ಆಟಕ್ಕೆ ಕಳಿಸುವ ಮುಂಚೆ, ಮನೆಯಲ್ಲಿ ಪಿಸ್ತೂಲು ಇದೆಯೇ, ಇದ್ದರೆ ಬೀಗ ಹಾಕಿದೆಯೇ ಎಂದು ಕೇಳಿ. ಅಲ್ಲಿನ ಮಕ್ಕಳ ವೈದ್ಯರೇ ಹೀಗೆ ಕೇಳಿ ಎನ್ನುತ್ತಾರೆ. ಸಂಕೋಚ ಬೇಡ.